ಗಡಿನಾಡಿನಿಂದ ಪಶುವೈದ್ಯಕೀಯ ಕಾಲೇಜಿಗೆ: ಅರ್ಜಿಗೆ ಮೊದಲೇ ಆಗಬೇಕಾದ ಕೆಲಸಗಳು

ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು ಭಾಗದ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಪಶುವೈದ್ಯಕೀಯ ಪದವಿಯ ಮೂರು ಬಾಗಿಲುಗಳಿವೆ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಪಿ.ವಿ. ನರಸಿಂಹರಾವ್ ತೆಲಂಗಾಣ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮೊದಲನೆಯದು. ಜಹೀರಾಬಾದಿನಿಂದ ಸುಮಾರು 30 ಕಿ.ಮೀ. ದೂರದ ಬೀದರಿನಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಎರಡನೆಯದು. ದೇಶದ ಮಾನ್ಯತೆ ಪಡೆದ ಕಾಲೇಜುಗಳ ಶೇ. 15ರಷ್ಟು ಸೀಟುಗಳನ್ನು ನೀಟ್ ಅಂಕಗಳ ಆಧಾರದಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬುವ ಅಖಿಲ ಭಾರತ ಕೋಟಾ ಮೂರನೆಯದು. ಸೀಟುಗಳು ಕಡಿಮೆ, ಆಕಾಂಕ್ಷಿಗಳು ಬಹಳ. ಆದರೂ ಅಂಕಗಳ ಕೊರತೆಗಿಂತ ಮೊದಲೇ ಕೆಲವರ ಪಾಲಿಗೆ ಈ ಬಾಗಿಲುಗಳು ಮುಚ್ಚುವುದು ಶಾಲೆಯ ಆಯ್ಕೆಯಿಂದ ಎಂಬುದನ್ನು ಪಾಲಕರು ಮನಗಾಣಬೇಕು.

ಆದ್ದರಿಂದ ಮೊದಲ ಹೆಜ್ಜೆಯನ್ನು ಎಂಟನೇ ತರಗತಿ ಮುಗಿಯುವಾಗಲೇ ಇಡಬೇಕಾಗುತ್ತದೆ. ತೆಲಂಗಾಣದಲ್ಲಿ ‘ಸ್ಥಳೀಯ ಅಭ್ಯರ್ಥಿ’ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯ ವರ್ಷವನ್ನೂ ಸೇರಿಸಿ ಸತತ ನಾಲ್ಕು ವರ್ಷ, ಅಂದರೆ ಒಂಬತ್ತರಿಂದ ಇಂಟರ್ ಎರಡನೇ ವರ್ಷದವರೆಗೆ, ಆ ರಾಜ್ಯದಲ್ಲೇ ಓದಿರುವುದು ಮುಖ್ಯ ಆಧಾರ. ಕರ್ನಾಟಕದ ಸಾಮಾನ್ಯ ಅರ್ಹತೆಗೆ ಒಂದರಿಂದ ಹನ್ನೆರಡನೇ ತರಗತಿಯ ನಡುವೆ ಕನಿಷ್ಠ ಏಳು ವರ್ಷ ಅಲ್ಲಿ ಓದಿರಬೇಕು. ಹತ್ತನೇ ತರಗತಿಯವರೆಗೆ ಊರಿನಲ್ಲೇ ಓದಿ, ಪಿಯುಸಿಗೆ ಮಾತ್ರ ಬೀದರ್ ಅಥವಾ ಕಲಬುರಗಿಗೆ ಹೋಗುವ ವಿದ್ಯಾರ್ಥಿಯು ಮೊದಲ ನಿಯಮದ ನಾಲ್ಕು ವರ್ಷಗಳ ಸಾತತ್ಯವನ್ನು ಕಡಿದುಕೊಳ್ಳುತ್ತಾನೆ, ಎರಡನೆಯ ನಿಯಮದ ಏಳು ವರ್ಷಗಳನ್ನೂ ತುಂಬಲಾರ. ಒಳ್ಳೆಯ ಕಾಲೇಜು ಸಿಕ್ಕಿತೆಂಬ ಒಂದೇ ಕಾರಣಕ್ಕೆ ಗಡಿ ದಾಟಿಸುವುದು ಈ ದೃಷ್ಟಿಯಿಂದ ದುಬಾರಿಯ ನಿರ್ಧಾರ.

ಊರಿನಲ್ಲೇ ಓದಿದವರಿಗೂ ಕರ್ನಾಟಕದ ಬಾಗಿಲು ಮುಚ್ಚಿರುವುದಿಲ್ಲ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತ್ಯೇಕ ಅರ್ಹತಾ ಕಲಂಗಳನ್ನು ಇಟ್ಟಿದೆ. ಗಡಿನಾಡು ಕಲಂ ತಾಲ್ಲೂಕುಗಳ ಹೆಸರನ್ನೇ ಹೇಳುವುದರಿಂದ, ಅರ್ಜಿ ತುಂಬುವ ವರ್ಷದ ಮಾಹಿತಿ ಪುಸ್ತಕದಲ್ಲಿ ಆ ಪಟ್ಟಿಯನ್ನು ಓದಿಯೇ ಎರಡರಲ್ಲಿ ಯಾವ ವರ್ಗವೆಂದು ನಿರ್ಧರಿಸಬೇಕು. ಈ ವರ್ಗದವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅದರ ಅಂಕಗಳು ರ‍್ಯಾಂಕಿಗೆ ಸೇರದಿದ್ದರೂ ಕನಿಷ್ಠ ಅಂಕ ಪಡೆಯದವರು ಅರ್ಹರಾಗುವುದಿಲ್ಲ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾ ಶಾಲೆಯಲ್ಲಿ ತೆಲುಗು, ಉರ್ದು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ತೊಡಕಾಗುವುದು ಇಲ್ಲಿಯೇ. ಒತ್ತಕ್ಷರ, ಕಾಗುಣಿತಗಳನ್ನು ಕೊನೆಯ ತಿಂಗಳಿಗೆ ಬಿಡದೆ ದಿನಕ್ಕೊಂದು ಪುಟ ಬರೆಸುವ ಅಭ್ಯಾಸವನ್ನು ಹಿರಿಯರು ಮೊದಲಿನಿಂದಲೇ ಮಾಡಿಸಬೇಕು.

ಎರಡನೆಯ ಹೆಜ್ಜೆ ದಾಖಲೆಗಳದು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದ ಜಹೀರಾಬಾದ್, ನಾರಾಯಣಖೇಡ್‌ಗಳು ಬಳಿಕ ಮೇದಕ್ ಜಿಲ್ಲೆಯಲ್ಲಿದ್ದು, 2016ರ ಮರುವಿಂಗಡಣೆಯಲ್ಲಿ ಸಂಗಾರೆಡ್ಡಿಗೆ ಬಂದವು. ತಾಂಡೂರು ಅದೇ ವರ್ಷ ರಂಗಾರೆಡ್ಡಿಯಿಂದ ವಿಕಾರಾಬಾದ್‌ಗೆ ಹೋಯಿತು. ಹೀಗಾಗಿ ತಂದೆಯ ಕಾಗದಪತ್ರಗಳಲ್ಲಿ ಒಂದು ಜಿಲ್ಲೆ, ಮಕ್ಕಳ ಪ್ರಮಾಣಪತ್ರದಲ್ಲಿ ಇನ್ನೊಂದು ಜಿಲ್ಲೆ ಇರುವುದು ಇಲ್ಲಿ ಸಾಮಾನ್ಯ. ವಾಸ, ಮಾತೃಭಾಷೆ ಮತ್ತು ವ್ಯಾಸಂಗ ಪ್ರಮಾಣಪತ್ರಗಳನ್ನು ಆಯಾ ವರ್ಷದ ನಿಗದಿತ ನಮೂನೆಯಲ್ಲೇ ಪಡೆದು, ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೆಂದು ಖಚಿತಪಡಿಸಿಕೊಳ್ಳುವುದು ಒಳಿತು.

ಪರೀಕ್ಷೆಗಳ ವಿಷಯಕ್ಕೆ ಬಂದರೆ, ಮೂರೂ ಕಡೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೇ ಬೇಕಾಗಿರುವುದರಿಂದ ಇಂಟರ್‌ನಲ್ಲಿ ಬೈಪಿಸಿ ಗುಂಪು ಅನಿವಾರ್ಯ. ಅಂಕಗಳ ಲೆಕ್ಕ ಮಾತ್ರ ಬೇರೆ ಬೇರೆ. ಹಳಬರು ಎಂಸೆಟ್ ಎನ್ನುವ ತೆಲಂಗಾಣದ ಪ್ರವೇಶ ಪರೀಕ್ಷೆಯ ರ‍್ಯಾಂಕಿಗೆ ಇಂಟರ್ ಅಂಕಗಳನ್ನು ಸೇರಿಸುವ ಪದ್ಧತಿ ಈಗಿಲ್ಲ. ಕರ್ನಾಟಕದ ಸಿಇಟಿಯಲ್ಲಾದರೆ ಪಶುವೈದ್ಯಕೀಯ ರ‍್ಯಾಂಕಿನ ಅರ್ಧಪಾಲು ಹನ್ನೆರಡನೇ ತರಗತಿಯ ಅಂಕಗಳಿಂದಲೇ ಬರುತ್ತದೆ. ಕೋಚಿಂಗ್ ತರಗತಿಗಳ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದವರು ಬೀದರಿನ ಸೀಟನ್ನು ಅಲ್ಲಿಯೇ ಕಳೆದುಕೊಂಡಂತೆ. 720 ಅಂಕಗಳ ನೀಟ್‌ನಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯಲಾಗುತ್ತದೆ, ಸಿಇಟಿಯಲ್ಲಿ ಹಾಗಿಲ್ಲ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಬಯಸುವವರು ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು, ಏಕೆಂದರೆ ತೆಲಂಗಾಣದ ಕೇಂದ್ರಗಳಲ್ಲಿ ದೊರೆಯುವ ಪ್ರಾದೇಶಿಕ ಭಾಷೆ ತೆಲುಗು.

ಫಲಿತಾಂಶದ ನಂತರ ಆಗುವ ಒಂದು ಲೋಪವನ್ನು ಇಲ್ಲಿ ಒತ್ತಿ ಹೇಳಬೇಕು. ನೀಟ್ ಬರೆದ ಮಾತ್ರಕ್ಕೆ ಅಖಿಲ ಭಾರತ ಕೋಟಾದ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಪರಿಷತ್ತಿನ ಕೌನ್ಸೆಲಿಂಗ್‌ಗೆ, ಅಂದರೆ ರ‍್ಯಾಂಕಿನ ಕ್ರಮದಲ್ಲಿ ಕಾಲೇಜು ಹಂಚುವ ಪ್ರಕ್ರಿಯೆಗೆ, ಬೇರೆಯಾಗಿಯೇ ನೋಂದಾಯಿಸಬೇಕು. ಕರ್ನಾಟಕದ ಆಯ್ಕೆಪಟ್ಟಿಯಲ್ಲಿ ಬೀದರನ್ನಷ್ಟೇ ನಮೂದಿಸುವುದೂ ಸರಿಯಲ್ಲ. ಸಂವಿಧಾನದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಆ ಪ್ರದೇಶದ ಸ್ಥಳೀಯರಿಗೆ ಸೀಟುಗಳು ಮೀಸಲಾಗಿರುವುದರಿಂದ ಹತ್ತಿರದ ಕಾಲೇಜೇ ಹೆಚ್ಚು ಕಠಿಣವಾಗಬಹುದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ ಮತ್ತು ಗದಗ ಕಾಲೇಜುಗಳನ್ನೂ ಸೇರಿಸಬೇಕು. ತೆಲಂಗಾಣದಲ್ಲಿ ಹಾಗೆಯೇ ರಾಜೇಂದ್ರನಗರದ ಜೊತೆಗೆ ಕೋರುಟ್ಲ ಮತ್ತು ವರಂಗಲ್ಲಿನ ಮಾಮ್ನೂರು ಕಾಲೇಜುಗಳಿವೆ.

ಪದವಿಯ ಅವಧಿ ಐದೂವರೆ ವರ್ಷ. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹತ್ತನೇ ತರಗತಿಯ ನಂತರದ ಪಶುಸಂಗೋಪನಾ ಡಿಪ್ಲೊಮಾ ಉಪಯುಕ್ತವಾದರೂ ಅದು ಪಶುವೈದ್ಯ ಪದವಿಗೆ ಸಮನಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ಪಶುವೈದ್ಯರಾಗಿ ನೋಂದಾಯಿಸಿಕೊಳ್ಳಲು ಮಾನ್ಯತೆ ಪಡೆದ ಪದವಿಯೇ ಬೇಕು. ಒಂದು ಕಾಲೇಜಿಗೆ ಮೂಲ ದಾಖಲೆಗಳನ್ನು ಒಪ್ಪಿಸಿದ ಮೇಲೆ ಇನ್ನೊಂದು ರಾಜ್ಯದ ಸುತ್ತಿನಲ್ಲಿ ಸೀಟು ದೊರೆತರೆ ಅವುಗಳನ್ನು ಹಿಂಪಡೆಯಲು ದಿನಗಳೇ ಬೇಕಾಗಬಹುದು. ಆದ್ದರಿಂದ ಮೂರೂ ಕಡೆಯ ಸುತ್ತುಗಳ ದಿನಾಂಕ ಮತ್ತು ಸೀಟು ಬಿಟ್ಟುಕೊಡುವ ನಿಯಮಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡು, ಅದನ್ನು ನೋಡಿದ ಮೇಲೆಯೇ ಶುಲ್ಕ ಕಟ್ಟಬೇಕು.