ಮುಂದಿನ ಬೆಂಚಿನವರಿಗೆ ಆರು ಸೂತ್ರ

ಸ್ವನೀತಿಯ ರೋಗ ತಗಲುವುದು ಒಳ್ಳೆಯವರಿಗೇ. ಭಾನುವಾರದ ಪೂಜೆ ತಪ್ಪಿಸದ, ತಪಸ್ಸುಕಾಲದಲ್ಲಿ ಮಾಂಸ ಮುಟ್ಟದ, ಇಗರ್ಜಿಯ ವಂತಿಗೆ ಬಾಕಿ ಇಡದ ನಮ್ಮಂಥವರಿಗೆ. ಯೇಸು ಹೇಳಿದ ಕತೆಯ ಫರಿಸಾಯನೂ ಸುಳ್ಳುಗಾರನೆಂದು ಎಲ್ಲೂ ಇಲ್ಲ. ವಾರಕ್ಕೆರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು, ಎಲ್ಲ ಸರಿಯಾಗಿಯೇ ಇತ್ತು. ಹಿಂದೆ ನಿಂತಿದ್ದ ಸುಂಕದವನನ್ನು ತನ್ನ ಪ್ರಾರ್ಥನೆಯೊಳಗೆ ಎಳೆದು ತಂದ, ಅಲ್ಲಿ ಕೆಟ್ಟಿತು.

1. ಪ್ರಾರ್ಥನೆಯಲ್ಲಿ ದೂರು ಕೊಡಬೇಡಿ. "ಅವನಿಗೆ ಬುದ್ಧಿ ಕೊಡು ಸ್ವಾಮಿ" ಎನ್ನುವುದೂ ದೂರೇ. ಅವನ ಸಾಲ ಎಷ್ಟು, ಮಗಳ ಓದು ಎಲ್ಲಿಗೆ ಬಂತು ಎಂದು ಗೊತ್ತಿಲ್ಲದಿದ್ದರೆ ಮೊದಲು ಅವನ ಮನೆಗೆ ಹೋಗಿ ಬನ್ನಿ.

2. ಅತ್ತೂರಿನಲ್ಲಿ ಸುತ್ತ ನೋಡಿ. ಕಾರ್ಕಳದ ಈ ಸಂತ ಲಾರೆನ್ಸರ ಪುಣ್ಯಕ್ಷೇತ್ರ 2016ರಲ್ಲಿ ಬಸಿಲಿಕಾ ಆಯಿತು. ಜನವರಿಯ ಜಾತ್ರೆಗೆ ಎಲ್ಲ ಮತದವರೂ ಬಂದು ಮೇಣದಬತ್ತಿ ಹಚ್ಚುವುದು ಅದಕ್ಕೂ ಬಹಳ ಹಿಂದಿನ ರೂಢಿ. ವರ್ಷವಿಡೀ ಇಗರ್ಜಿಯತ್ತ ತಲೆಹಾಕದ ನಿಮ್ಮ ತಮ್ಮನೂ ಆ ಸಾಲಿನಲ್ಲಿ ಸಿಕ್ಕರೆ "ಈಗ ನೆನಪಾಯಿತಾ?" ಎನ್ನಬೇಡಿ. ದಾರಿತಪ್ಪಿದ ಮಗನ ಅಣ್ಣ ಹೀಗೇ ಮುನಿಸಿಕೊಂಡು ಹಬ್ಬದೂಟ ನಡೆಯುವ ಮನೆಯ ಹೊರಗೆ ನಿಂತ. ಕೊನೆಗೂ ಒಳಗೆ ಬಂದನೋ ಇಲ್ಲವೋ, ಲೂಕನ ಸುವಾರ್ತೆ ಹೇಳುವುದಿಲ್ಲ.

3. ಆಸ್ಪತ್ರೆಯಲ್ಲಿ ಕಾರಣ ಹುಡುಕಬೇಡಿ. ಮಣಿಪಾಲದ ವಾರ್ಡಿನಲ್ಲಿ ಲಿವರ್ ಕೆಟ್ಟು ಮಲಗಿದವನಿಗೆ ತಾನು ಕುಡಿದದ್ದು ಗೊತ್ತಿದೆ, ನೀವು ನೆನಪಿಸಬೇಕಿಲ್ಲ. ಒಂದು ರಾತ್ರಿ ಅವನ ಪಕ್ಕ ನೀವು ಕೂತರೆ ಹೆಂಡತಿ ಮನೆಗೆ ಹೋಗಿ ಮಲಗಿಯಾಳು. ರಕ್ತ ಬೇಕೆಂದರೆ ಕೊಡಿ.

4. ಕರುಣೆಗೆ ಸಮಯ ನೋಡಿ. ಇದನ್ನು ಕಲಿಯಲು ಕಾಪು ತಾಲೂಕಿನ ಶಂಕರಪುರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಎಷ್ಟೋ ಕ್ರೈಸ್ತ ಮನೆಗಳ ಖರ್ಚು ನಡೆಯುವುದು ಮಲ್ಲಿಗೆಯಿಂದ. ಮೊಗ್ಗನ್ನು ಬೆಳಿಗ್ಗೆಯೇ ಕೊಯ್ಯಬೇಕು, ಕಟ್ಟಬೇಕು, ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ಅರಳಿದರೆ ಆ ದಿನದ ದುಡಿಮೆ ಹೋಯಿತು. ಪಕ್ಕದ ಮನೆಯಾಕೆ ಜ್ವರದಲ್ಲಿ ಮಲಗಿದ್ದಾಳೆಂದರೆ ಸಂಜೆ ಬ್ರೆಡ್ಡು, ಹಣ್ಣು ಹಿಡಿದು ನೋಡಲು ಹೋಗುವುದಲ್ಲ. ಬೆಳಕು ಹರಿಯುತ್ತಲೇ ಹೋಗಿ ಆಕೆಯ ಗಿಡದ ಮೊಗ್ಗು ಕೊಯ್ದು, ಕಟ್ಟಿ, ಒಂದು ಅಟ್ಟೆ ಹೂವಿಗೆ ಅಂದು ಎಷ್ಟು ದರವೋ ಅಷ್ಟನ್ನೂ ಆಕೆಯ ಕೈಗೆ ಕೊಡಿ. ಆಕೆ ನಿಮ್ಮೊಂದಿಗೆ ಮಾತು ಬಿಟ್ಟವಳಾದರಂತೂ ಖಂಡಿತ ಹೋಗಿ. ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಸಭೆಯಲ್ಲಿ ಈ ಸುದ್ದಿ ಎತ್ತಬೇಡಿ. ಇದೇ ಕಷ್ಟದ ಭಾಗ, ಕೊಯ್ಯುವುದು ಸುಲಭ.

5. ಉಪದೇಶಿಸಲು ನಾಲಗೆ ತುರಿಸಿದರೆ ಕೈಗೊಂದು ಕೆಲಸ ಹುಡುಕಿಕೊಳ್ಳಿ. ಅಂಥ ಕೆಲಸಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ: ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಮಿಶನ್ ಆಸ್ಪತ್ರೆ ಆರಂಭಿಸಿದರು. ಅಲ್ಲಿ ಹುಟ್ಟಿದವರು ಇಂದು ಊರಿನ ಎಲ್ಲ ಜಾತಿ, ಮತಗಳಲ್ಲೂ ಇದ್ದಾರೆ.

6. ಕರುಣೆಯ ಹೆಸರಲ್ಲಿ ಕಣ್ಣು ಮುಚ್ಚಬೇಡಿ. "ನಾನ್ಯಾರು ತೀರ್ಪು ಕೊಡಲು?" ಎಂದು ಹೆಂಡತಿಗೆ ಹೊಡೆಯುವವನೊಂದಿಗೆ ನಯವಾಗಿ ನಗುವುದು ಹೇಡಿತನ. ಅಲ್ಲಿ ಆಕೆಯ ಪಕ್ಕ ನಿಲ್ಲಿ, ಬೇಕಾದರೆ ಠಾಣೆಗೂ ಜೊತೆಗೆ ಹೋಗಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.