ಸೂಜಿ ಹಿಡಿದವರ ಪರವಾಗಿ ಒಂದು ಮಾತು

ಚೆನ್ನೈಗೆ ಓದಲೆಂದೋ ಕೆಲಸಕ್ಕೆಂದೋ ಬಂದು ನೆಲೆಸಿರುವ ನಮ್ಮ ಕನ್ನಡದ ಮಕ್ಕಳಿಗೆ ಈ ಮಾತು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮರೀನಾ ಕಡಲ ದಂಡೆಯ ರಸ್ತೆಯಲ್ಲಿ ಕ್ವೀನ್ ಮೇರಿಸ್ ಕಾಲೇಜನ್ನು ನೀವೆಲ್ಲ ನೋಡಿರುತ್ತೀರಿ. ಮದ್ರಾಸಿನ ಹೆಣ್ಣುಮಕ್ಕಳಿಗೆಂದು 1914ರಲ್ಲಿ ಶುರುವಾದ ಕಾಲೇಜು ಅದು. ಅಲ್ಲಿಗೆ ನಮ್ಮ ಮಂಗಳೂರಿನಿಂದ ಒಬ್ಬ ಹುಡುಗಿ ಓದಲು ಬಂದಿದ್ದರು. ಹದಿನಾಲ್ಕಕ್ಕೆ ಮದುವೆ, ಅದರ ಬೆನ್ನಿಗೇ ವೈಧವ್ಯ. ಆ ಕಾಲದಲ್ಲಿ ಅಂಥವರ ಬಾಳು ಅಲ್ಲಿಗೇ ಮುಗಿಯಿತೆಂದು ಲೆಕ್ಕ. ಮುಗಿಯಲು ಬಿಡದ ಆ ಹುಡುಗಿಯೇ ಕಮಲಾದೇವಿ ಚಟ್ಟೋಪಾಧ್ಯಾಯ.

ಅವರ ಕಥೆಯನ್ನು ಉಪ್ಪಿನ ಸತ್ಯಾಗ್ರಹದಿಂದ ಶುರುಮಾಡುವವರೇ ಹೆಚ್ಚು. ನಾನು ಅವರ ತಾಯಿ ಗಿರಿಜಾಬಾಯಿಯವರಿಂದ ಶುರುಮಾಡುತ್ತೇನೆ. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಿಂಗಳಿಗಿಷ್ಟು ಕೊಡುತ್ತೇವೆಂದರೆ ಗಿರಿಜಾಬಾಯಿ ಕೈಯೊಡ್ಡಲಿಲ್ಲ. ತವರಿನಿಂದ ಬಂದದ್ದರಲ್ಲೇ ಸಂಸಾರ ನಡೆಸಿದರು, ಮಗಳನ್ನು ಓದಿಸಿದರು. ಹೆಣ್ಣಿನ ಕೈಯಲ್ಲಿ ತನ್ನದೇ ಆದ ದುಡ್ಡಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಮಲಾದೇವಿ ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ. ಮುಂದೆ ಅವರು ಮಾಡಿದ ಕೆಲಸದ ಬೇರು ಇಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ.

ಮದ್ರಾಸಿನಲ್ಲೇ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾಯಿತು. ವಿಧವೆಯ ಮರುಮದುವೆ, ಅದೂ ಬಂಗಾಳದವರ ಜೊತೆ. ಬಂಧುಬಳಗ ಸುಮ್ಮನಿರಲಿಲ್ಲ. ಮಗ ರಾಮಕೃಷ್ಣ ಹುಟ್ಟಿದ. ಮುಂದೆ ಗಂಡ ಹೆಂಡತಿ ಬೇರೆಯಾದರು. ಚಳವಳಿ, ಜೈಲುವಾಸಗಳ ನಡುವೆಯೇ ಮಗನೂ ಬೆಳೆದ. 1926ರಲ್ಲಿ, ದಕ್ಷಿಣ ಕನ್ನಡವಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯವರೆದುರು ಪಟ್ಟು ಹಿಡಿದರು. ಮುಂಬಯಿಯ ಶೇರುಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು.

ಸ್ವಾತಂತ್ರ್ಯ ಬಂದ ಮೇಲೆ ಅವರೊಂದಿಗೆ ಜೈಲು ಕಂಡಿದ್ದ ಅನೇಕರು ಅಧಿಕಾರದ ಕುರ್ಚಿ ಹತ್ತಿದರು. ಇವರು ದೇಶವಿಭಜನೆಯ ನಿರಾಶ್ರಿತರ ಕಡೆ ನಡೆದರು. ದಾನ ಹಂಚುವ ಬದಲು ಸಹಕಾರ ಸಂಘ ಕಟ್ಟಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಮಗ್ಗ, ಮಡಕೆ, ಸೂಜಿ ಹಿಡಿದವರನ್ನು ಊರೂರು ಹುಡುಕಿದರು. 1964ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಕರಕುಶಲ ಪರಿಷತ್ತಿನ ಕೇಂದ್ರ ಕಚೇರಿ ಇಂದಿಗೂ ಇರುವುದು ನೀವಿರುವ ಈ ಚೆನ್ನೈಯಲ್ಲೇ. ಭಾರತದ ಕಸೂತಿ ಕಲೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಷ್ಟು ದೊಡ್ಡ ಹೋರಾಟಗಾರ್ತಿಗೆ ಸೂಜಿದಾರದಲ್ಲಿ ಏನಿತ್ತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು.

ಅನ್ನಿಸಿದರೆ, ಧಾರವಾಡದ ಕಡೆ ಕಸೂತಿ ಹಾಕುವವರ ಪಕ್ಕ ಒಂದು ಮಧ್ಯಾಹ್ನ ಕುಳಿತು ನೋಡಿ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ, ಅಚ್ಚಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿಕೊಂಡು ಸೂಜಿ ಹೋಗುತ್ತದೆ. ಗವಂತಿ ಹೊಲಿಗೆಯಲ್ಲಿ ನಡುವೆ ಜಾಗ ಬಿಡುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತ ಬಿಟ್ಟ ಜಾಗ ತುಂಬುತ್ತಾರೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆ ಮಗುಚಿದರೆ ಎರಡೂ ಮಗ್ಗುಲು ಒಂದೇ. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿಯನ್ನು ನೋಡಿದರೆ ಮಗ್ಗದಲ್ಲೇ ನೇಯ್ದದ್ದೇನೋ ಎನ್ನಿಸುತ್ತದೆ. ಎಲ್ಲೋ ಒಂದು ಎಳೆಯ ಲೆಕ್ಕ ತಪ್ಪಿತೆನ್ನಿ, ನಾಲ್ಕು ಸಾಲು ಆದ ಮೇಲೆ ಗೋಪುರ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹಾಕಬೇಕು. ಇಳಕಲ್ ಸೀರೆಯ ಸೆರಗಿನ ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಹೀಗೆ ಎಣಿಸಿ ಎಣಿಸಿಯೇ ಬಂದಂಥವು. ಇಷ್ಟೆಲ್ಲ ಮಾಡಿದಾಕೆಯನ್ನು ನಾವು, "ಪಾಪ, ಹೊತ್ತು ಹೋಗಲಿ ಅಂತ ಏನೋ ಮಾಡ್ತಾಳೆ" ಎಂದುಬಿಡುತ್ತೇವೆ. ನನಗೆ ಸಂಕಟವಾಗುವುದು ಈ ಮಾತಿಗೆ. ಯಂತ್ರದಲ್ಲಿ ಹೊಡೆದ ಸೀರೆ ಅಂಗಡಿಯಲ್ಲಿ ಕಸೂತಿಯೆಂಬ ಹೆಸರಿನಲ್ಲಿ ಮಾರಾಟವಾಗುವಾಗ ಕೈಯಲ್ಲಿ ಹಾಕಿದವಳ ಪಾಲಿಗೆ ಉಳಿಯುವುದು ಈ ಕನಿಕರ ಮಾತ್ರ.

ಊರಿನ ಮಾತು ಹಾಗಿರಲಿ. ಇಲ್ಲಿ ಚೆನ್ನೈಯಲ್ಲಿ ಮದುವೆ ಬಂತೆಂದರೆ ರವಿಕೆಗೆ ಆರಿ ವರ್ಕ್ ಮಾಡಿಸದ ಮನೆಯಿಲ್ಲ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಬಗ್ಗಿ ಕುಳಿತು, ಕೊಕ್ಕೆ ಸೂಜಿಯಲ್ಲಿ ಜರಿ, ಮಣಿ ಕೂರಿಸುತ್ತ ಹೋದರೆ ಬೆನ್ನು, ಕಣ್ಣು ಎರಡೂ ಸೋಲುತ್ತವೆ. ಕೊಡುವ ಹಣದಲ್ಲಿ ಎಷ್ಟು ಅಂಗಡಿಯವರಿಗೆ, ಎಷ್ಟು ಚೌಕಟ್ಟಿನ ಮುಂದೆ ಕುಳಿತವರಿಗೆ? ದಯವಿಟ್ಟು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಮಾಲಿನಲ್ಲಿ ಬೆಲೆಚೀಟಿ ನೋಡಿ ತುಟಿ ಪಿಟಕ್ಕೆನ್ನದವರು ಓಣಿಯ ಹೊಲಿಗೆಯವರ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದು ನ್ಯಾಯವಲ್ಲ, ಮಕ್ಕಳೇ.

ಗಂಡುಮಕ್ಕಳಿಗೂ ಇದೇ ಮಾತು. ಅಮ್ಮನೋ ಅತ್ತಿಗೆಯೋ ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಿದ್ದರೆ ಅದು ಅವರ ಹೆಸರಿನ ಖಾತೆಗೇ ಹೋಗಲಿ. ಮನೆಗೆಲಸದಲ್ಲಿ ನೀವು ಪಾಲು ತೆಗೆದುಕೊಂಡರೆ ಅವರಿಗೆ ಸೂಜಿ ಹಿಡಿಯಲು ಹಗಲು ಬೆಳಕಿನ ಹೊತ್ತಾದರೂ ಸಿಗುತ್ತದೆ. ಸಮಾಜಸೇವೆ ಮಾಡಬೇಕೆಂದು ನನ್ನ ಬಳಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದನ್ನು. ಗಿರಿಜಾಬಾಯಿಯ ಮಗಳು ಹೋರಾಟವನ್ನೂ ಮನೆಯ ಸಂಕಟವನ್ನೂ ಬೇರೆ ಬೇರೆ ಇಟ್ಟು ನೋಡಲಿಲ್ಲ. ನೀವೂ ನೋಡಬೇಡಿ.

ಕಮಲಾದೇವಿಯವರಿಗೆ 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ನೆನಪಿಗೆ ಏಪ್ರಿಲ್ 3ರ ಹುಟ್ಟುಹಬ್ಬಕ್ಕೊಂದು ಭಾಷಣ ಏರ್ಪಡಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮಲ್ಲಿ ಲೆಕ್ಕಪತ್ರ ಬಲ್ಲವರಿದ್ದೀರಿ, ಕಂಪ್ಯೂಟರ್ ಬಲ್ಲವರಿದ್ದೀರಿ, ಫೋನಿನಲ್ಲೇ ಚಂದದ ಫೋಟೋ ತೆಗೆಯುವವರಿದ್ದೀರಿ. ನೀವಿರುವ ಬೀದಿಯ ಆಸುಪಾಸಿನಲ್ಲಿ ಹೊಲಿಗೆ ಮಾಡುವ ಹೆಂಗಸರ ಸ್ವಸಹಾಯ ಸಂಘವೊಂದು ಇದ್ದೇ ಇರುತ್ತದೆ. ಕೂಲಿ, ದಾರ, ಬಟ್ಟೆ ಎಲ್ಲ ಸೇರಿ ಒಂದು ರವಿಕೆಗೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಅವರ ಜೊತೆ ಕುಳಿತು ಬರೆದುಕೊಡಿ. ಈ ಭಾನುವಾರವೇ ಹೋಗಿ.