ಶಂಖ ಕೈಗೆತ್ತಿಕೊಳ್ಳುವ ಮೊದಲು

ಮೇ ರಜೆ ಬಂತೆಂದರೆ ನವಿ ಮುಂಬಯಿಯ ಸೀವುಡ್ಸ್, ನೆರೂಳ್ ಕಡೆಯ ಕನ್ನಡ ಮನೆಗಳಲ್ಲಿ ಪನ್ವೇಲಿನಿಂದ ಊರ ರೈಲು ಹತ್ತುವ ತಯಾರಿ. ಉಡುಪಿಗೆ ಹೋದವರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಇಲ್ಲೇ ಉಳಿದವರು ಅಲಿಬಾಗ್, ಕಾಶೀದ್, ಮಾಲ್ವಣಕ್ಕೆ. ಎಲ್ಲಿ ಹೋದರೂ ಮಕ್ಕಳ ಜೇಬಿನ ತುಂಬ ಶಂಖ, ಚಿಪ್ಪು. ಅವುಗಳಲ್ಲಿ ಒಂದನ್ನು ಮಾತ್ರ ದೊಡ್ಡವರು ಗುರುತಿಟ್ಟುಕೊಂಡಿರಬೇಕು: ಕೋನ್ ಶಂಖ. ಅದರೊಳಗಿನ ಬಸವನಹುಳು ಮೀನನ್ನೋ ಹುಳುವನ್ನೋ ವಿಷದ ಮುಳ್ಳಿನಿಂದ ಚುಚ್ಚಿ ತಿನ್ನುತ್ತದೆ.

ಮೊದಲು ಗುರುತು. ಆಕಾರ ಐಸ್‌ಕ್ರೀಮ್ ಕೋನಿನದೇ: ಒಂದು ತುದಿ ಅಗಲ, ಇನ್ನೊಂದು ಚೂಪು. ಬಾಯಿ ಮಾತ್ರ ಉದ್ದಕ್ಕೂ ಸೀಳಿದಂಥ ಕಿರಿದಾದ ಸಂದು. ಮೈಮೇಲೆ ಕಂದು, ಕಿತ್ತಳೆ ಬಣ್ಣದ ಚುಕ್ಕೆ ಅಥವಾ ಬಲೆಯ ಚಿತ್ತಾರ. ಜೀವಂತ ಶಂಖದಲ್ಲಿ ಇದು ಕಂದು ಪೊರೆಯಡಿ ಮುಚ್ಚಿಹೋಗಿರಬಹುದು. ಸೀವುಡ್ಸಿನ ಬೆನ್ನಿಗಿರುವ ಖಾಡಿಯ ಕೆಸರು, ಕಾಂಡ್ಲಾ ಇದಕ್ಕೆ ಒಗ್ಗುವ ಜಾಗವಲ್ಲ. ಹವಳದ ದಿಬ್ಬ, ಬಂಡೆಯ ಸಂದು, ತಿಳಿನೀರಿನ ಮರಳು ಇದರ ನೆಲೆ. ಹೆಚ್ಚಿನವು ಹಗಲು ಹುದುಗಿದ್ದು ರಾತ್ರಿ ಬೇಟೆಗೆ ಹೊರಡುತ್ತವೆ. ಆದ್ದರಿಂದ ಇಳಿತದ ಹೊತ್ತಿನಲ್ಲಿ ಕಲ್ಲು ಮಗುಚುವಾಗ ಎಚ್ಚರ ಬೇಕು.

'ಹಿಂದಿನ ಅಗಲ ತುದಿ ಹಿಡಿದರೆ ಏನೂ ಆಗದು' ಎಂಬ ಮಾತು ಕೇಳಿದರೆ ನಂಬಬೇಡಿ. ಹುಳುವಿನ ಸೊಂಡಿಲು ಚಾಚಿಕೊಂಡು ಚಿಪ್ಪಿನ ಆಚೆ ತುದಿಯನ್ನೂ ಮುಟ್ಟಬಲ್ಲದು. ಅದರ ತುದಿಯ ಟೊಳ್ಳು ಹಲ್ಲು ಬಟ್ಟೆಯನ್ನೂ ತೆಳು ಕೈಗವಸನ್ನೂ ದಾಟುತ್ತದೆ. ನೀರಿನೊಳಗಿದ್ದದ್ದನ್ನು ಮುಟ್ಟುವುದು ಬೇಡ. ದಡದಲ್ಲಿ ಒಣಗಿದ್ದನ್ನು ಕಡ್ಡಿಯಿಂದ ಮಗುಚಿ ಸಂದನ್ನು ನೋಡಿ. ಒಳಗೆ ಮಾಂಸ ಕಂಡರೆ ಅಲ್ಲೇ ಬಿಡಿ. ಜೇಬಿಗಂತೂ ಹಾಕಲೇಬಾರದು.

ಚುಚ್ಚಿದರೆ ಏನಾಗುತ್ತದೆಂದು ತಿಳಿದರೆ ಚಿಕಿತ್ಸೆಯ ಕ್ರಮ ತಾನಾಗಿ ಅರ್ಥವಾಗುತ್ತದೆ. ಈ ವಿಷ ಪೆಪ್ಟೈಡುಗಳ, ಅಂದರೆ ಪುಟ್ಟ ಪ್ರೋಟೀನು ತುಣುಕುಗಳ, ಮಿಶ್ರಣ. ನರದಲ್ಲಿ ಸಂದೇಶ ಓಡುವುದು ಸೋಡಿಯಂ ಬಾಗಿಲುಗಳು ತೆರೆದು ಮುಚ್ಚುವುದರಿಂದ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳನುಗ್ಗಿದಾಗ ಸ್ನಾಯುವಿಗೆ ಅಪ್ಪಣೆ ಹೋಗುತ್ತದೆ. ಒಂದೊಂದು ಪೆಪ್ಟೈಡ್ ಒಂದೊಂದು ಬಾಗಿಲನ್ನು ಕೆಡಿಸುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿ.ಐ.ಎಫ್.ಆರ್.) ಕೆ.ಎಸ್. ಕೃಷ್ಣನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಮತ್ತು ಸಂಗಡಿಗರು ನಮ್ಮ ಕಡಲಿನದೇ ಕೋನಸ್ ಅಮಾಡಿಸ್ ಶಂಖದಿಂದ ತೆಗೆದು 2003ರಲ್ಲಿ ವರದಿ ಮಾಡಿದ ಪೆಪ್ಟೈಡ್ ಸೋಡಿಯಂ ಬಾಗಿಲನ್ನು ಬೇಗ ಮುಚ್ಚಗೊಡುವುದಿಲ್ಲ. ಅದರಲ್ಲಿರುವುದು ಕೇವಲ 26 ಅಮೈನೋ ಆಮ್ಲ. ಎರಡು ಊರಿನ ನಮ್ಮವರು ಕೂಡಿ ಮಾಡಿದ ಈ ಕೆಲಸ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಲಕ್ಷಣಗಳು: ಚುಚ್ಚಿದ ಕಡೆ ಜೋಮು, ತುಟಿ ಚುರುಚುರು, ರೆಪ್ಪೆ ಜೋಲುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲಬಹುದು. ಅತ್ಯಂತ ಅಪಾಯಕಾರಿಯಾದ ಕೋನಸ್ ಜಿಯೋಗ್ರಫಸ್ ಚುಚ್ಚಿದಾಗ ನೋವು ತೀರ ಕಡಿಮೆಯಿರಬಹುದು. ನೋವಿಲ್ಲವೆಂದು ಸುಮ್ಮನಿರಬೇಡಿ.

ತಕ್ಷಣ ನೀರಿನಿಂದ ಹೊರತಂದು ಮಲಗಿಸಿ, ನಡೆಸಬೇಡಿ. ನಡೆದಷ್ಟೂ ವಿಷ ಬೇಗ ಹರಡುತ್ತದೆ. 108ಕ್ಕೆ ಕರೆ ಮಾಡಿ. ಅಗಲದ ಕ್ರೇಪ್ ಬ್ಯಾಂಡೇಜನ್ನು ಚುಚ್ಚಿದ ಜಾಗದ ಮೇಲೆ ಸುತ್ತಿ, ಆಮೇಲೆ ಬೆರಳ ಬುಡದಿಂದ ಮೇಲಕ್ಕೆ ಇಡೀ ಕೈಗೆ ಅಥವಾ ಕಾಲಿಗೆ ಸುತ್ತಿರಿ. ಉಳುಕಿಗೆ ಕಟ್ಟುವಷ್ಟು ಬಿಗಿ ಸಾಕು, ರಕ್ತದ ಓಟ ನಿಲ್ಲಬಾರದು. ಅಲುಗದಂತೆ ಕೋಲು ಕಟ್ಟಿ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಿ. ದ್ವೀಪದಲ್ಲಾದರೆ ಮೊದಲೇ ದೋಣಿಯವರಿಗೆ ಹೇಳಿ, ಆಂಬುಲೆನ್ಸನ್ನು ಮಲ್ಪೆ ದಡಕ್ಕೆ ಕರೆಸಿ. ಮಣಿಪಾಲದ ಆಸ್ಪತ್ರೆ ಹತ್ತಿರವೇ ಇದೆ. ಚುಚ್ಚಿದ ಸಮಯ ಬರೆದಿಡಿ. ಶಂಖದ ಫೋಟೋ ಸಾಕು, ಶಂಖ ತರಬೇಡಿ.

ಇದಕ್ಕೆ ಪ್ರತಿವಿಷವಿಲ್ಲ. ವೆಂಟಿಲೇಟರ್ ಇರುವ ಆಸ್ಪತ್ರೆಯನ್ನೇ ಹುಡುಕಬೇಕಾದದ್ದು ಅದಕ್ಕೇ: ಪೆಪ್ಟೈಡುಗಳ ಹಿಡಿತ ಸಡಿಲುವವರೆಗೆ ಯಂತ್ರ ಉಸಿರಾಡಿಸಿದರೆ ರೋಗಿ ಬದುಕುತ್ತಾನೆ. ಹಾಗೆಂದು ಕಡಲಿಗೇ ಹೋಗದಿರಬೇಕಿಲ್ಲ. ಜಗತ್ತಿನಲ್ಲೆಲ್ಲ ದಾಖಲಾದ ಸಾವುಗಳು ಕೆಲವು ಹತ್ತುಗಳಷ್ಟೇ, ಬಹುಪಾಲು ಜಿಯೋಗ್ರಫಸ್‌ನಿಂದ. ಅದು ಲಕ್ಷದ್ವೀಪ, ಅಂಡಮಾನಿನಂಥ ಹವಳದ ಕಡಲಿನದು.

ಇದೇ ವಿಷದಿಂದ ಮದ್ದೂ ಬಂದಿದೆ. ಕೋನಸ್ ಮೇಗಸ್‌ನ ಪೆಪ್ಟೈಡಿನ ನಕಲಾದ ಝೈಕೊನೊಟೈಡ್ ನೋವಿನ ಸುದ್ದಿ ಒಯ್ಯುವ ನರದ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚುತ್ತದೆ. ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುವುದರಿಂದ ಬೆನ್ನುಹುರಿಯ ದ್ರವಕ್ಕೆ ಪಂಪಿನಿಂದ ನೇರ ಹಾಯಿಸುತ್ತಾರೆ, ಬೇರೆ ದಾರಿಗಳೆಲ್ಲ ಸೋತ ತೀವ್ರ ನೋವಿಗೆ ಮಾತ್ರ. ಇದನ್ನು ಎಲ್ಲೋ ಓದಿ, ಕೋನ್ ಶಂಖ ತೇಯ್ದು ಮಂಡಿಗೆ ಹಚ್ಚೋಣವೆಂದು ಯಾರಾದರೂ ಹೊರಟರೆ ತಡೆಯಿರಿ. ಮದ್ದಿನ ಮೂಲ ಹುಳುವಿನ ವಿಷದಲ್ಲಿದೆ, ಚಿಪ್ಪಿನಲ್ಲಿಲ್ಲ.